ವೈರಿಂಗ್ ಅಲ್ಲ, ನಮ್ಮ ಹುರುಳಿ

ಹಟ್ಟಿಯ ಯಂಕಪ್ಪನವರ ಕಾರಿಗೆ ಬೆಂಕಿ ಬಿದ್ದದ್ದು ವೈರಿಂಗಿನಿಂದ ಅಲ್ಲ. ಅವರು ಆಸೆಪಟ್ಟು ಹಾಕಿಸಿಕೊಂಡಿದ್ದ ಎರಡು ಹೆಚ್ಚಿನ ದೀಪಗಳಿಂದಲೂ ಅಲ್ಲ. ನಾವು ರಸ್ತೆಯ ಮೇಲೆ ಹರವಿದ್ದ ಹುರುಳಿಯಿಂದ. ಇದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ವೈರಿಂಗ್ ಎಂದು ಹೇಳಿದವನು ನಾನು, ಹಾಗೆಂದು ಬರೆದವನು ನಾನು, ಎರಡು ವರ್ಷ ಎಲ್ಲರೂ ಅದನ್ನೇ ನಂಬಿಕೊಂಡಿರುವಂತೆ ನೋಡಿಕೊಂಡವನೂ ನಾನೇ.

ಇಷ್ಟನ್ನು ಮೊದಲೇ ಹೇಳಿಬಿಟ್ಟೆ. ಸುತ್ತಿ ಬಳಸಿ ಹೇಳಲು ಹೊರಟರೆ ನಡುವೆ ಎಲ್ಲಾದರೂ ನನಗೇ ನನ್ನ ಮೇಲೆ ಕನಿಕರ ಹುಟ್ಟೀತು — ಅದು ಬೇಡ.

ನನ್ನ ಹೆಸರು ಮಲ್ಲಿಕಾರ್ಜುನ. ಸಿಂಧನೂರಿನಲ್ಲಿ ಗಾಡಿಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಹೊಲಮನೆ ಇರುವುದು ಮಸ್ಕಿ ದಾಟಿದ ಮೇಲೆ, ಲಿಂಗಸೂಗೂರು ರಸ್ತೆಗೆ ಅಂಟಿಕೊಂಡು. ತಾರೀಖು ಹಾಕಿ ಬರೆದಿಡುವುದು ನನ್ನ ಚಟ. ಯಾವ ಗಾಡಿಗೆ ಯಾವಾಗ ಎಣ್ಣೆ ಬದಲಾಯಿತು, ಯಾವ ಟೈರು ಎಷ್ಟು ಓಡಿತು, ಇದನ್ನೆಲ್ಲ ಪ್ರತಿದಿನ ಬರೆಯುತ್ತೇನೆ. ಆ ಚಟದಿಂದಲೇ ನಮ್ಮ ಕಡೆಯ ಒಂದು ಜಪಾನಿ ಕಂಪನಿಯ ಕಾರುಗಳ ಮಾಲೀಕರನ್ನೆಲ್ಲ ಸೇರಿಸಿ ವಾಟ್ಸಾಪಿನಲ್ಲಿ ಒಂದು ಗುಂಪು ಕಟ್ಟಿದೆ. ನನಗೆ ಸ್ವಂತ ಕಾರಿಲ್ಲ. ಬರೀ ಪ್ರೀತಿ. ಪ್ರತಿ ಭಾನುವಾರ ಆ ಕಂಪನಿಯ ಚರಿತ್ರೆಯನ್ನು ಕನ್ನಡದಲ್ಲಿ ಸ್ವಲ್ಪ ಸ್ವಲ್ಪ ಬರೆದು ಹಾಕುತ್ತಿದ್ದೆ. ಮೊದಲು ಅವರು ಬಟ್ಟೆ ನೇಯುವ ಮಗ್ಗ ಮಾಡುತ್ತಿದ್ದದ್ದು, ಆಮೇಲೆ ಕಾರಿಗೆ ಕೈಹಾಕಿದ್ದು, ಮೊದಮೊದಲು ಪರದೇಶದಲ್ಲಿ ಅವರ ಗಾಡಿ ನೋಡಿ ಜನ ನಕ್ಕದ್ದು, ನಕ್ಕವರೇ ಸಾಲಲ್ಲಿ ನಿಂತು ಕೊಂಡದ್ದು — ಎಲ್ಲ. ಮಾಲೀಕರು ತಮ್ಮ ಅನುಭವ ಹೇಳುತ್ತಿದ್ದರು. ಗೊರೇಬಾಳದ ರೈತರೊಬ್ಬರು ಕಾಲುವೆ ದಂಡೆಯ ಕೆಸರಿನಲ್ಲಿ ಬೀಜದ ಚೀಲ ಹೇರಿಕೊಂಡು ವರ್ಷಗಟ್ಟಲೆ ಓಡಾಡಿದರೂ ಎಂಜಿನ್ನಿಗೆ ಕೈಹಚ್ಚಿಲ್ಲ ಎಂದು ಬರೆದಿದ್ದರು. ಅಂಥ ಮಾತು ಓದಿದರೆ ಆ ಗಾಡಿಯನ್ನು ನಾನೇ ಮಾಡಿದಷ್ಟು ಹಿಗ್ಗುತ್ತಿದ್ದೆ.

ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ಕುಂದು ಬರಬಾರದೆಂದು ನಾನು ಒಬ್ಬ ಮನುಷ್ಯನನ್ನು ಬಲಿ ಕೊಟ್ಟೆ. ಮತ್ತೆ ಅದೇ ಹೆಸರು ಹಿಡಿದು ಮೆರೆಯಲು ನನಗೆ ನಾಚಿಕೆ.

ಯಂಕಪ್ಪಣ್ಣ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುವವರು. ಹಳೆಯದೊಂದು ಗಾಡಿ ಕೊಂಡಿದ್ದರು, ಏಳು ಜನ ಕೂಡುವಂಥದ್ದು. ಅವರಿಗೂ ಹೆಂಡತಿ ಶಂಕ್ರಮ್ಮನವರಿಗೂ ಮಕ್ಕಳಿಲ್ಲ. 'ಇಬ್ಬರಿಗೆ ಏಳು ಸೀಟ್ಯಾಕ್ರಿ' ಎಂದು ಯಾರಾದರೂ ಕೆಣಕಿದರೆ, 'ಐದು ಸೀಟು ನಿಮ್ಮಂಥ ಪುಗ್ಸಟ್ಟೆ ಗಿರಾಕಿಗೆ' ಎನ್ನುತ್ತಿದ್ದರು. ಅದರ ಮುಂಭಾಗಕ್ಕೆ ಎರಡು ಹಳದಿ ದೀಪ ಹಾಕಿಸಿದ್ದರು. ಶಂಕ್ರಮ್ಮಕ್ಕ ಬೇಡ ಎಂದಿದ್ದರಂತೆ.

ಎರಡು ವರ್ಷದ ಹಿಂದೆ, ಹುರುಳಿ ಕಿತ್ತ ಕಾಲ. ನಮ್ಮಲ್ಲಿ ಈಗ ಕಣ ಮಾಡುವವರು ಕಡಿಮೆ. ಡಾಂಬರು ರಸ್ತೆಯೇ ಕಣ, ಹಾದುಹೋಗುವ ಗಾಡಿಗಳೇ ಎತ್ತು. ಬಳ್ಳಿಯನ್ನು ರಸ್ತೆಗೆ ಹರವಿ ಬಿಟ್ಟರೆ ಲಾರಿ, ಬಸ್ಸು, ಕಾರು ತುಳಿದು ಕಾಳು ಬಿಡಿಸುತ್ತವೆ. ಆ ಭಾನುವಾರ ದೊಡ್ಡಪ್ಪ ಮತ್ತು ನಾನು ಹುರುಳಿ ಹರವಿದ್ದೆವು. ತೆಳ್ಳಗೆ ಹರವಬೇಕು. ಸಂಜೆಯೊಳಗೆ ಮುಗಿಯಲಿ ಎಂದು ಮೊಳಕಾಲೆತ್ತರ ಹರವಿದ್ದೆವು. ಹರವಿದ್ದು ನಾನು — ದೊಡ್ಡಪ್ಪನ ಮೇಲೆ ಹಾಕುವುದಿಲ್ಲ.

ಮಧ್ಯಾಹ್ನ ಯಂಕಪ್ಪಣ್ಣ ಬಂದರು. ವಳಕಮದಿನ್ನಿಯಲ್ಲಿ ಹೆಂಡತಿಯ ತವರಿಗೆ ಹೋಗಿ ಹಟ್ಟಿಗೆ ಹಿಂದಿರುಗುತ್ತಿದ್ದರು. ನನ್ನನ್ನು ಕಂಡು ಗಾಜು ಇಳಿಸಿದರು.

"ಏನೋ ಮಲ್ಲೂ, ಐತವಾರನೂ ದುಡ್ಯಾಕ ಹಚ್ಯಾರೇನು ನಿನಗ?"

"ಬರ್ರಿ ಯಂಕಪ್ಪಾರ," ಎಂದ ದೊಡ್ಡಪ್ಪ, "ನಿಮ್ಮ ಗಾಡಿ ಬಂದ್ರ ನಮಗ ಎರಡು ಜೋಡಿ ಎತ್ತು ಬಂದಂಗ."

"ಹಂಗಾರ ಕೂಲಿ ಕೊಡ್ರಿ," ಎಂದು ಶಂಕ್ರಮ್ಮಕ್ಕ ಒಳಗಿನಿಂದಲೇ ನಕ್ಕರು. "ಇಲ್ಲಾಂದ್ರ ಒಂದು ಸೇರು ಹುಳ್ಳಿ ಅರ ಕೊಡ್ರಿ."

ಅವರು ನಿಧಾನಕ್ಕೆ ಹಾದು ಆ ತುದಿ ಮುಟ್ಟಿದರು. ಹೋಗಿಬಿಡುತ್ತಿದ್ದರು. ನಾನು ಕೈ ಎತ್ತಿ ಕರೆದೆ.

"ಅಣ್ಣಾ, ಇನ್ನೊಂದು ಸುತ್ತು ಹಾಕ್ರಿ. ನಿಮ್ಮ ಗಾಡಿ ಭಾರ ಐತಿ, ಚಲೋ ತುಳೀತೈತಿ. ಜಪಾನಿ ಗಾಡಿಗೆ ಏನಾಗ್ತೈತ್ರಿ?"

ಇದೇ ಮಾತು. ಇದನ್ನು ನಾನು ಎಷ್ಟು ಸಲ ಬಾಯೊಳಗೆ ತಿರುಗಿಸಿದ್ದೇನೋ. ಗಾಡಿಯ ಕೆಳಗೆ ತಿರುಗುವ ಶಾಫ್ಟಿಗೆ ಬಳ್ಳಿ ಸುತ್ತಿಕೊಳ್ಳುತ್ತದೆ, ಪಕ್ಕದಲ್ಲೇ ಕಾದ ಸೈಲೆನ್ಸರ್ ಇರುತ್ತದೆ, ಒಣ ಬಳ್ಳಿಗೆ ಕಿಡಿಯೂ ಬೇಕಿಲ್ಲ — ಇದು ದೊಡ್ಡಪ್ಪನಿಗೆ ತಿಳಿಯದಿರಬಹುದು. ಬಿಡಿಭಾಗದ ಅಂಗಡಿಯಲ್ಲಿ ನಿಂತು ದಿನವೂ ಅದೇ ಶಾಫ್ಟು, ಅದೇ ಸೈಲೆನ್ಸರ್ ಮಾರುವ ನನಗೆ ತಿಳಿದಿತ್ತು. ಅವರು ನನ್ನ ಮಾತಿಗೆ ಗಾಡಿ ತಿರುಗಿಸಿಕೊಂಡು ಬಂದು, ಮತ್ತೆ ತಿರುಗಿಸಿ ಹೋದರು. ಹೊರಟಾಗ ಗಾಡಿಯ ಹೊಟ್ಟೆಯಿಂದ ಒಂದು ಹಿಡಿ ಬಳ್ಳಿ ನೆಲಕ್ಕೆ ತಾಗಿ ಎಳೆದುಕೊಂಡು ಹೋಗುತ್ತಿತ್ತು. ನೋಡಿದೆ. ಕೂಗಲಿಲ್ಲ. ಹೋಗುತ್ತಾ ಉದುರುತ್ತದೆ ಅಂದುಕೊಂಡೆ — ಅಂದುಕೊಂಡೆನೋ ಇಲ್ಲವೋ ಅದೂ ಈಗ ಖಚಿತವಿಲ್ಲ. ಕಾಳು ಚೆನ್ನಾಗಿ ಬಿಟ್ಟಿದೆ ಎಂದು ಖುಷಿಯಲ್ಲಿದ್ದೆ.

ಲಿಂಗಸೂಗೂರು ಇನ್ನೇನು ಬಂತು ಎನ್ನುವಷ್ಟರಲ್ಲಿ ಗಾಡಿ ಹೊತ್ತಿಕೊಂಡಿತು. ಶಂಕ್ರಮ್ಮಕ್ಕ ಇಳಿದರು. ಯಂಕಪ್ಪಣ್ಣನ ಸೀಟ್ ಬೆಲ್ಟು ಬಿಚ್ಚಲಿಲ್ಲ. ಬೆಲ್ಟಿನ ಕೊಂಡಿ ಗೇರಿನ ಪಕ್ಕದಲ್ಲಿರುತ್ತದೆ, ಬೆಂಕಿ ಎದ್ದದ್ದು ಅಲ್ಲಿಂದಲೇ. ಅಕ್ಕ ಮತ್ತೆ ಒಳಗೆ ಬಾಗಿ, ಬಲಗೈ ಉರಿಯೊಳಗಿಟ್ಟು ಕೊಂಡಿ ಬಿಚ್ಚಿ ಗಂಡನನ್ನು ಎಳೆದು ಹಾಕಿದರು. ಗಣಿ ಕ್ವಾರ್ಟರ್ಸಿನ ಹೆಂಗಸರಿಗೆಲ್ಲ ಕುಪ್ಪಸ ಹೊಲಿದುಕೊಡುತ್ತಿದ್ದ ಕೈ ಅದು. ಈಗ ಆ ಬೆರಳುಗಳು ಮಡಚುವುದಿಲ್ಲ. ಕತ್ತರಿ ಹಿಡಿಯಲು ಆಗುವುದಿಲ್ಲ.

ಸುದ್ದಿ ತಿಳಿದು ನಾನು ಬೈಕಿನಲ್ಲಿ ಓಡಿದೆ. ಅವರಿಬ್ಬರನ್ನು ಆಗಲೇ ಆಸ್ಪತ್ರೆಗೆ ಒಯ್ದಿದ್ದರು. ಗಾಡಿ ಕರಕಲಾಗಿ ನಿಂತಿತ್ತು. ಕೆಳಗೆ ಹೊಕ್ಕು ನೋಡಿದೆ. ಶಾಫ್ಟಿಗೆ ಹುರುಳಿ ಬಳ್ಳಿ ಹಗ್ಗದಂತೆ ಹೊಸೆದುಕೊಂಡಿತ್ತು. ಮೇಲೆಲ್ಲ ಬೂದಿ, ಒಳಪದರ ಇನ್ನೂ ಬಳ್ಳಿಯಾಗಿಯೇ ಇತ್ತು. ಯಾರು ನೋಡಿದರೂ ತಿಳಿಯುತ್ತಿತ್ತು. ನಾನು ಅದನ್ನು ಕೈಯಿಂದ ಕಿತ್ತೆ. ಅಷ್ಟನ್ನೂ ಕಿತ್ತು ಜಾಲಿಗಿಡದ ಹಿಂದೆ ಒಗೆದೆ. ತಿಳಿಯದೆ ಮಾಡಿದ ತಪ್ಪು ಎಂಬ ನೆಪ ಆ ಜಾಲಿಯ ಹಿಂದೆಯೇ ಮುಗಿಯಿತು. ಮುಂದೆ ಮಾಡಿದ್ದೆಲ್ಲ ತಿಳಿದೇ.

ಗುಂಪಿನ ನಾಲ್ಕು ಜನ ಬಂದರು. "ಮಲ್ಲೂ, ನೀ ನೋಡೀಯಲ್ಲ. ಏನಾಗೈತಿ? ಜಪಾನಿನವರದೂ ಇಷ್ಟ ಏನು ಹಣೇಬರಹ?"

ಆ ಮಾತು ನನಗೆ ಚುಚ್ಚಿತು. ನಂಬುತ್ತೀರೋ ಇಲ್ಲವೋ — ಶಂಕ್ರಮ್ಮಕ್ಕನ ಕೈಗಿಂತ ಆ ಮಾತೇ ಹೆಚ್ಚು ಚುಚ್ಚಿತು. ಕಂಪನಿಗೂ ಕೆಟ್ಟ ಹೆಸರು ಬರಬಾರದು, ನಮ್ಮ ಮನೆಗೂ ಬರಬಾರದು. ತಪ್ಪು ಹೊರಿಸಲು ಉಳಿದವರು ಯಂಕಪ್ಪಣ್ಣ ಒಬ್ಬರೇ.

"ವೈರಿಂಗ್," ಎಂದೆ. "ಆ ದೀಪ ಹಾಕ್ಸ್ಯಾರಲ್ಲ, ಅದರ ವೈರಿಂಗ್."

ಅಷ್ಟಕ್ಕೆ ನಿಲ್ಲಿಸಿದೆನೇ? ಇಲ್ಲ. ಮರುದಿನ ಗುಂಪಿನಲ್ಲಿ ಉದ್ದಕ್ಕೆ ಬರೆದೆ. ನಮ್ಮಲ್ಲಿ ಇಷ್ಟು ಗಾಡಿಗಳಿವೆ, ಇಷ್ಟು ವರ್ಷ ಓಡಿವೆ, ಕಂಪನಿಯ ವೈರಿಂಗಿಗೆ ಕೈಹಚ್ಚದ ಒಂದಕ್ಕೂ ಹೀಗಾಗಿಲ್ಲ ಎಂದು ಲೆಕ್ಕ ಕೊಟ್ಟೆ. ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಅದಕ್ಕೇ ಅದು ಅಷ್ಟು ನೀಚ ಕೆಲಸ. ಅದರ ಹಿಂದಿನ ಭಾನುವಾರವಷ್ಟೇ ನಾನೇ ಬರೆದಿದ್ದೆ: ಆ ಕಂಪನಿಯ ಕಾರ್ಖಾನೆಯಲ್ಲಿ ತಪ್ಪು ಕಂಡ ಯಾವ ಕೆಲಸಗಾರನಾದರೂ ತಲೆಯ ಮೇಲಿನ ಹಗ್ಗ ಎಳೆದು ಕೆಲಸ ನಿಲ್ಲಿಸಬಹುದು, ಎಳೆದವನನ್ನು ಯಾರೂ ಬೈಯುವುದಿಲ್ಲ ಎಂದು. ಎಲ್ಲರೂ ಹೆಬ್ಬೆರಳು ತೋರಿಸಿ ಮೆಚ್ಚಿದ್ದರು. ಆ ಸಂಗತಿ ನನ್ನ ಪಾಲಿಗೆ ಬರೆದು ಮೆಚ್ಚಿಸಲು ಮಾತ್ರ ಇತ್ತೆಂದು ಈಗ ಹೇಳಬೇಕಾಗಿದೆ.

ಜನ ಯಂಕಪ್ಪಣ್ಣನನ್ನು ಬಿಡಲಿಲ್ಲ. 'ಯಂಕಪ್ಪ ಗಾಡಿ ಕೊಂಡಿದ್ದಿಲ್ಲೋ, ಮದುವಿ ಮಂಟಪ ಕೊಂಡಿದ್ದ' ಎಂದು ಒಬ್ಬರು. 'ದೀಪಾವಳಿ ಮುಗೀತೇನ್ರಿ' ಎಂದು ಇನ್ನೊಬ್ಬರು. ಗುಂಪು ನನ್ನದು, ಅಳಿಸಬಹುದಿತ್ತು. ಅಳಿಸಲಿಲ್ಲ. ಕೆಲವು ದಿನದಲ್ಲಿ ಯಂಕಪ್ಪಣ್ಣ ಗುಂಪು ಬಿಟ್ಟರು.

ಇನ್ನೂ ಕೆಟ್ಟದ್ದೊಂದಿದೆ. ಆಸ್ಪತ್ರೆಗೆ ನೋಡಲು ಹೋಗಿದ್ದೆ. ಅಕ್ಕ ಹಾಸಿಗೆಯಲ್ಲಿದ್ದರು. ಅಣ್ಣ ನನ್ನನ್ನು ಹತ್ತಿರ ಕರೆದು, ತಾವೇ ಹಿಂಜರಿಯುತ್ತಾ ಕೇಳಿದರು:

"ಮಲ್ಲೂ, ಬ್ಯಾಸರ ಮಾಡ್ಕೋಬ್ಯಾಡ. ಕೆಳಗ ನಿಮ್ಮ ಹುಳ್ಳಿ ಏನರ ಸಿಕ್ಕಿತ್ತೇನೋ?"

ಕೇಳಿದರು. ನೇರವಾಗಿ ಕೇಳಿದರು. ನನಗೆ ನೋವಾದೀತೆಂದು ಅಂಜಿಕೊಂಡು ಕೇಳಿದರು.

"ಇಲ್ಲಣ್ಣಾ. ನಾ ಕೆಳಗ ಹೊಕ್ಕು ನೋಡೀನಿ. ಏನೂ ಇದ್ದಿಲ್ಲ."

"ನೀ ನೋಡೀದಿ ಅಂದ್ರ ಮುಗೀತು ಬಿಡು," ಎಂದರು. ಅಕ್ಕ ಗೋಡೆಯ ಕಡೆ ಹೊರಳಿ, "ಬ್ಯಾಡ ಬ್ಯಾಡ ಅಂದೆ. ನನ್ನ ಮಾತು ಯಾವಾಗ ಕೇಳೀರಿ ನೀವು," ಎಂದರು. ಆ ಹೊತ್ತಿನಿಂದ ಅಣ್ಣ, ತನ್ನನ್ನು ಉಳಿಸಿದ ಹೆಂಡತಿಯ ಕೈಯನ್ನು ತಾನೇ ಸುಟ್ಟೆ ಎಂದು ನಂಬಿದರು. ಅಕ್ಕನೂ ನಂಬಿದರು. ನಾನು ಹಣ್ಣಿನ ಚೀಲ ಅಲ್ಲಿಟ್ಟು ಬಂದೆ.

ಇಷ್ಟಾಗಿಯೂ ನಾನು ಊಟ ಮಾಡಿದ್ದೇನೆ, ನಿದ್ದೆ ಮಾಡಿದ್ದೇನೆ, ಭಾನುವಾರದ ಬರಹ ಹಾಕಿದ್ದೇನೆ. ತಪ್ಪು ಮಾಡಿದವನು ನಿದ್ದೆಗೆಡುತ್ತಾನೆ ಎನ್ನುವುದು ನನ್ನ ವಿಷಯದಲ್ಲಿ ಸುಳ್ಳು. ನಾನು ಚೆನ್ನಾಗಿಯೇ ಇದ್ದೆ. ನನಗೆ ನನ್ನ ಮೇಲೆ ಸಿಟ್ಟು ಬರುವುದು ಇದಕ್ಕೇ.

ಮೊನ್ನೆ ಅಂಗಡಿಯಲ್ಲಿದ್ದಾಗ ದೊಡ್ಡಪ್ಪನ ಫೋನು ಬಂತು. "ಹುಳ್ಳಿ ರೋಡಿಗೆ ಹಾಕೀವಿ. ನಿನ್ನ ಗುಂಪಿನ ಯಾವ್ದರ ದೊಡ್ಡ ಗಾಡಿ ಈ ಕಡೆ ಬಂದ್ರ ಕಳಸು ಮತ್ತ."

ಅಂಗಡಿಯವರ ಅಪ್ಪಣೆಯನ್ನೂ ಕೇಳದೆ ಬೈಕ್ ಹತ್ತಿದೆ. ಹೋಗಿ ನೋಡಿದರೆ ಅದೇ ಜಾಗ, ಅದೇ ಎತ್ತರ. ನಾನು ಬಳ್ಳಿಯನ್ನು ಬಾಚಿ ಬಾಚಿ ಹೊಲಕ್ಕೆ ಎಸೆಯತೊಡಗಿದೆ. ದೊಡ್ಡಪ್ಪ ಓಡಿ ಬಂದ.

"ತಲಿ ಕೆಟ್ಟೈತೇನಲೇ ನಿಂದು?"

"ಯಂಕಪ್ಪಣ್ಣನ ಗಾಡಿ ಸುಟ್ಟಿದ್ದು ಇದರಿಂದನ. ನಿನಗೂ ಗೊತ್ತೈತಿ."

ದೊಡ್ಡಪ್ಪ ಸುತ್ತ ನೋಡಿ ದನಿ ಇಳಿಸಿದ. "ಗೊತ್ತೈತಿ. ಈಗ ಹೇಳಿದ್ರ ಆಕಿ ಕೈ ಬರ್ತೈತೇನು? ಎಲ್ಲಾರೂ ಹಾಕ್ತಾರ, ನಾವೂ ಹಾಕೀವಿ. ಸುಮ್ನ ಮನಿ ಮರ್ಯಾದಿ ಕಳೀಬ್ಯಾಡ."

ದೊಡ್ಡಪ್ಪನ ಬಾಯಲ್ಲಿ ಕೇಳಿದಾಗ ಅದು ಎಷ್ಟು ಹೊಲಸು ಮಾತೆಂದು ತಿಳಿಯಿತು. ಎರಡು ವರ್ಷದಿಂದ ನಾನು ಒಳಗೊಳಗೇ ಹೇಳಿಕೊಂಡು ಬಂದದ್ದೂ ಅಕ್ಷರಶಃ ಅದೇ.

ಈ ಬರಹವನ್ನು ಗುಂಪಿಗೆ ಹಾಕುವ ಮೊದಲು ಹಟ್ಟಿಗೆ ಹೋದೆ. ಯಂಕಪ್ಪಣ್ಣ ಬೆಳಗಿನ ಪಾಳಿಯಲ್ಲಿದ್ದರು. ಶಂಕ್ರಮ್ಮಕ್ಕ ಬಾಗಿಲು ತೆರೆದು, "ಬಾರಪ್ಪಾ ಮಲ್ಲು, ಎಷ್ಟ ದಿನ ಆತು," ಎಂದು ಎಡಗೈಯಲ್ಲಿ ನೀರು ಕೊಟ್ಟರು. ನೀರು ಕುಡಿಯಲಿಲ್ಲ. ನಿಂತೇ ಹೇಳಿದೆ. ಇನ್ನೊಂದು ಸುತ್ತು ಎಂದದ್ದು, ಬಳ್ಳಿ ನೋಡಿದ್ದು, ಕಿತ್ತದ್ದು, ಆಸ್ಪತ್ರೆಯಲ್ಲಿ ಸುಳ್ಳಾಡಿದ್ದು — ಒಂದನ್ನೂ ಬಿಡಲಿಲ್ಲ.

ಅಕ್ಕ ನನ್ನ ಕೈಯಿಂದ ಲೋಟ ತಿರುಗಿ ತೆಗೆದುಕೊಂಡರು.

"ಎರಡು ವರ್ಷ ಆತು, ನಾ ಅವರ ಮಕ ನೋಡಿ ಒಂದು ರೊಟ್ಟಿ ಹಾಕಿಲ್ಲ. ತಾಟು ಇಟ್ಟು ಒಳಗ ಹೋಗ್ತಿದ್ದೆ. ಅವರು ಒಬ್ಬರ ಕುಂತು ಉಣ್ತಿದ್ರು. ಒಂದು ಮಾತು ತಿರುಗಿ ಅಂದಿಲ್ಲ. ಆ ಎರಡು ವರ್ಷ ಹೆಂಗ ತಿರುಗಿ ಕೊಡ್ತಿ ನೀ? ಹೇಳು."

ಅಕ್ಕ ಲೋಟವನ್ನು ಒಳಗಿಟ್ಟು ಬಂದರು.

"ನಾ ಅವರಿಗೆ ಹೇಳ್ತೀನಿ ಅಂತ ತಿಳ್ಕೊಂಡು ಬಂದೀಯೇನು? ನೀನ ಹೇಳಬೇಕು. ಕುಂದ್ರು."

ಮಧ್ಯಾಹ್ನ ಯಂಕಪ್ಪಣ್ಣ ಬಂದರು. ನನ್ನನ್ನು ಕಂಡು ನಗಲು ಹೋದವರು ಹೆಂಡತಿಯ ಮುಖ ನೋಡಿ ನಿಂತರು. ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಹೊಡೆಯುತ್ತಾರೆಂದು ಕಾದೆ, ಹೊಡೆಯಲಿಲ್ಲ. ಅವರು ಕೇಳಿದ್ದು ಬೇರೆಯೇ.

"ಆ ಬಳ್ಳಿ ಬರಿಗೈಲೆ ಕಿತ್ತಿ ಅಂದ್ಯಲ್ಲ. ಕೈ ಸುಡಲಿಲ್ಲೇನು?"

"ಸುಟ್ಟಿತ್ತಣ್ಣಾ. ಬೊಬ್ಬಿ ಎದ್ದಿದ್ವು."

"ಎಷ್ಟು ದಿನಕ್ಕ ಮಾಯ್ತು?"

"ನಾಕು ದಿನಕ್ಕ."

ಅವರು ಹೆಂಡತಿಯ ಬಲಗೈ ನೋಡಿದರು. ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ಕೈಕಾಲು ತೊಳೆದು ಬಂದು ಕುಳಿತರು. ಅಕ್ಕ ತಾಟು ತಂದು ಮುಂದಿಟ್ಟು, ಒಳಗೆ ಹೋಗದೆ ಅವರ ಎದುರಿಗೇ ಕುಳಿತರು. ಅಣ್ಣನ ಕೈ ರೊಟ್ಟಿಯ ಮೇಲೆ ಹಾಗೆಯೇ ಇತ್ತು.

ನಾನು ಎದ್ದೆ. ಕ್ಷಮೆ ಕೇಳುವ ಹಕ್ಕು ನನಗಿರಲಿಲ್ಲ. ಬಾಗಿಲಲ್ಲಿ ನಿಂತು, "ಹೋಗಿ ಬರ್ತೀನ್ರಿ," ಎಂದೆ.

ನಮ್ಮ ಕಡೆ ಎಂಥ ಜಗಳದಲ್ಲೂ ಹೊರಟವನಿಗೆ ಹೋಗಿ ಬಾ ಎನ್ನುತ್ತಾರೆ. ಅಕ್ಕ ಗಂಡನ ಮುಖದಿಂದ ಕಣ್ಣು ತೆಗೆಯದೆ ಅಂದರು:

"ಹೋಗು."