ಪಾಸ್ ಕವರಿನೊಳಗಿನ ತೂತುಕಾಸು

ಕ್ಯಾಲನೂರಿನ ಮುನಿಯಲ್ಲಪ್ಪನವರು ಮೂವತ್ತೊಂದು ವರ್ಷ ಕೋಲಾರ–ಶ್ರೀನಿವಾಸಪುರದ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಚಿಲ್ಲರೆ ಎಂದರೆ ಮಿಕ್ಕ ಕಂಡಕ್ಟರುಗಳಿಗೆ ತಲೆನೋವು, ಇವರಿಗೆ ಹಬ್ಬ. ಹಳೇ ನಾಣ್ಯ ಕಣ್ಣಿಗೆ ಬಿತ್ತೋ, ಅಷ್ಟೇ ದುಡ್ಡನ್ನು ತಮ್ಮ ಜೇಬಿನಿಂದ ಬ್ಯಾಗಿಗೆ ಹಾಕಿ ಅದನ್ನು ಎತ್ತಿಟ್ಟುಕೊಳ್ಳುತ್ತಿದ್ದರು. ಪ್ರತಿಯೊಂದಕ್ಕೂ ಒಂದು ಚೀಟಿ: ಯಾವುದು, ಎಲ್ಲಿ ಸಿಕ್ಕಿತು, ಯಾವ ತಾರೀಕು. ದಿನವೂ ಟಿಕೆಟ್ ಲೆಕ್ಕದ ವೇಬಿಲ್ ಬರೆದು ಪಳಗಿದ ಕೈ ತಾರೀಕಿಲ್ಲದೆ ಏನನ್ನೂ ಬರೆಯುತ್ತಿರಲಿಲ್ಲ.

ಮೊದಲನೆಯದು ಮಾತ್ರ ಬಸ್ಸಿನಲ್ಲಿ ಸಿಕ್ಕಿದ್ದಲ್ಲ. ಅದು ನಡುವೆ ತೂತಿರುವ ತಾಮ್ರದ ಕಾಸು. ಹೆಂಡತಿ ಆದಿಲಕ್ಷ್ಮಿ ಕೂಸಾಗಿದ್ದಾಗ ಅವರ ಅಜ್ಜಿ ಉಡಿದಾರಕ್ಕೆ ಕಟ್ಟಿದ್ದು. ಮದುವೆಯಾದ ಹೊಸತರಲ್ಲಿ ಗಂಡನ ಹುಚ್ಚು ನೋಡಿ ನಗುತ್ತಾ ಆಕೆಯೇ ಟ್ರಂಕಿನಿಂದ ತೆಗೆದು ಕೊಟ್ಟಿದ್ದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಈಸಿಕೊಂಡು ಕಲಶದ ಮುಂದಿಟ್ಟು, ಮಾರನೇ ದಿನ ವಾಪಸ್ ಕೊಡುವುದು ಮನೆಯ ವಾಡಿಕೆ.

ರಿಟೈರಾದ ಮೇಲೆ ಮುನಿಯಲ್ಲಪ್ಪನವರಿಗೆ ಇವನ್ನೆಲ್ಲ ಭದ್ರವಾಗಿಡಬೇಕು ಎನಿಸಿತು. ಸ್ಕೂಲು ಮಕ್ಕಳು ಬಸ್ ಪಾಸ್ ಇಟ್ಟುಕೊಳ್ಳುವ ಮೆತ್ತನೆಯ ಪ್ಲಾಸ್ಟಿಕ್ ಕವರುಗಳನ್ನು ಡಜನ್‌ಗಟ್ಟಲೆ ತಂದರು. ಎಂಥ ಮಳೆಯಲ್ಲೂ ಅದರೊಳಗಿನ ಪಾಸು ನೆನೆಯದಿರುವುದನ್ನು ಕಣ್ಣಾರೆ ಕಂಡವರಲ್ಲವೇ! ಒಂದೊಂದು ಕಾಸನ್ನೂ ಒಂದೊಂದು ಕವರಿಗೆ ಸೇರಿಸಿ ನೆಮ್ಮದಿಯಾದರು.

ಆ ಸಲದ ವರಮಹಾಲಕ್ಷ್ಮಿ ಹಬ್ಬ ಕಳೆದು ಮೂರು ತಿಂಗಳಾಗಿತ್ತು. ಒಂದು ದಿನ ತೂತುಕಾಸಿನ ಕವರು ಬಿಚ್ಚಿದರೆ, ಕಾಸಿನ ಮೇಲೆಲ್ಲ ಅಂಟಂಟು ಹಸಿರು.

"ಹುಣಸೆಹಣ್ಣು ಹಾಕಿ ಉಜ್ಜಿದ್ದೀಯ ಅಲ್ವೇನೇ?" ಎಂದು ಹೆಂಡತಿಯ ಮೇಲೆ ರೇಗಿದರು.

"ಇಲ್ಲಾರೀ. ಇಟ್ಟ ಹಂಗೇ ತೆಗೆದು ಕೊಟ್ಟೆ."

"ಹಬ್ಬಕ್ಕೆ ಮನೇಲಿರೋ ಹಿತ್ತಾಳೆಯೆಲ್ಲ ಉಜ್ಜಿದೋಳು ಇದೊಂದನ್ನ ಬಿಟ್ಟಿರ್ತೀಯಾ? ಸುಳ್ಳು ಬೇರೆ!"

ಆ ಕೊನೆಯ ಮಾತು ಆದಿಲಕ್ಷ್ಮಿಗೆ ನಾಟಿತು. ಮತ್ತೆ ಬಾಯಿ ತೆರೆಯಲಿಲ್ಲ. ಮುನಿಯಲ್ಲಪ್ಪನವರು ಮಿಕ್ಕ ಕವರುಗಳನ್ನು ನೋಡದೆ ಪೆಟ್ಟಿಗೆ ಮುಚ್ಚಿದರು. ಅಂದಿನಿಂದ ಹೊತ್ತಿಗೆ ಸರಿಯಾಗಿ ತಟ್ಟೆಗೆ ಮುದ್ದೆ ಬೀಳುತ್ತಿತ್ತು, ಸಾರೂ ಬೀಳುತ್ತಿತ್ತು. ಆದರೆ "ಇನ್ನೊಂದು ಮುದ್ದೆ ಹಾಕ್ಲಾ?" ಎಂಬ ಎಂದಿನ ಮಾತಿರಲಿಲ್ಲ. ಮೂರು ವಾರ ಅವರು ಅರೆಹೊಟ್ಟೆಯಲ್ಲೇ ಎದ್ದರು. ಕೇಳಿ ಹಾಕಿಸಿಕೊಳ್ಳಲು ಬಿಗುಮಾನ.

ಒಂದು ಭಾನುವಾರ ತಂಗಿಯ ಮಗ ಅರುಣ್‌ಕುಮಾರ್ ಬಂದ. ಮಾಲೂರಿನಲ್ಲಿ ಪ್ಲಾಸ್ಟಿಕ್ ಡಬ್ಬ ಮಾಡುವ ಫ್ಯಾಕ್ಟರಿಯಲ್ಲಿ ಅವನಿಗೆ ಕೆಲಸ. ಮಾವ ಕಾಸು ತೋರಿಸಿದರೆ ಅವನು ಕವರನ್ನು ಮೂಸಿದ.

"ಮಾಮ, ಹೊಸ ರೇನ್‌ಕೋಟಿನ ವಾಸನೆ ಬರ್ತಿದೆ ನೋಡಿ. ಇದು ಪಿವಿಸಿ. ಮೆತ್ತಗಿರ್ಲಿ ಅಂತ ಎಣ್ಣೆ ಥರದ್ದು ಬೆರೆಸಿರ್ತಾರೆ. ಅದು ಬರ್ತಾ ಬರ್ತಾ ಒಸರಿ ತಾಮ್ರನ ತಿನ್ನುತ್ತೆ. ಮಿಕ್ಕಿದ್ದೂ ತೆಗೀರಿ."

ತೆಗೆದರು. ಆದಿಲಕ್ಷ್ಮಿ ಎಂದೂ ಮುಟ್ಟದ ಒಂಬತ್ತು ತಾಮ್ರದ ಕಾಸುಗಳೂ ಹಸಿರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಗಿತ್ತು ಗಂಡನ ಆರೋಪ. ಮುನಿಯಲ್ಲಪ್ಪನವರಿಗೆ ತಲೆ ಎತ್ತಲಾಗಲಿಲ್ಲ. ಅರುಣ ಅಂಗಡಿಯಿಂದ ತಂದ ಯಾವುದೋ ದ್ರಾವಣದಲ್ಲಿ ಅದ್ದಿ ಹಸಿರು ತೆಗೆದುಕೊಟ್ಟ. ಆದರೆ ತೂತುಕಾಸಿನ ಮೈಮೇಲೆ ಬಿದ್ದ ಸಣ್ಣ ಸಣ್ಣ ಗುಳಿಗಳು ಹಾಗೇ ಉಳಿದವು.

"ಡಬ್ಬದ ತಳದಲ್ಲಿ ತ್ರಿಕೋನದೊಳಗೆ ಐದು ಅಂತಿದ್ರೆ ಧೈರ್ಯವಾಗಿ ಇಡಿ. ಮೂರು ಅಂತಿದ್ರೆ ಅದು ಇದೇ ಪಿವಿಸಿ, ಹತ್ರಾನೂ ಸೇರಿಸ್ಬೇಡಿ" ಎಂದು ಹೇಳಿ ಅವನು ಬಸ್ಸು ಹತ್ತಿದ.

ಮುನಿಯಲ್ಲಪ್ಪನವರು ಅಡುಗೆಮನೆಗೆ ಹೋಗಿ ಒಂದೊಂದೇ ಡಬ್ಬ ಎತ್ತಿ ತಳ ನೋಡತೊಡಗಿದರು. ಸಾಸಿವೆ ಡಬ್ಬದಿಂದ ನಾಲ್ಕು ಕಾಳು ನೆಲಕ್ಕುದುರಿದವು.

"ಅಯ್ಯೋ ದೇವುಡಾ, ಏನ್ರೀ ಹುಡುಕ್ತಿರೋದು?" ಮೂರು ವಾರದ ಮೇಲೆ ಆಕೆ ಆಡಿದ ಮೊದಲ ಮಾತು.

"ಐದು" ಎಂದರು ಇವರು, ಅಪರಾಧಿಯ ಹಾಗೆ.

ಬಾಗಿಲ ಹಿಂದಿನಿಂದ ಅರುಣನ ಮಾತೆಲ್ಲ ಕೇಳಿಸಿಕೊಂಡಿದ್ದ ಆದಿಲಕ್ಷ್ಮಿ ಲವಂಗದ ಡಬ್ಬ ಎತ್ತಿಕೊಂಡರು. ತಳ ನೋಡಿ, ಲವಂಗವನ್ನು ಪೇಪರಿಗೆ ಸುರಿದು, ಡಬ್ಬ ತೊಳೆದು ಬಿಸಿಲಿಗಿಟ್ಟರು.

ಸಂಜೆ ಊಟಕ್ಕೆ ಕೂತಾಗ ಮುನಿಯಲ್ಲಪ್ಪನವರು ಕಾಸಿಟ್ಟ ಡಬ್ಬವನ್ನೂ ಒಂದು ಹೊಸ ಚೀಟಿಯನ್ನೂ ಹೆಂಡತಿಯತ್ತ ಸರಿಸಿದರು. ಬಾಯಲ್ಲಿ ಹೇಳಲಾಗದ್ದನ್ನು ಬರೆದಿದ್ದರು: "ತೂತುಕಾಸು. ಕೊಟ್ಟವಳು ಆದಿಲಕ್ಷ್ಮಿ. ಹಾಳು ಮಾಡಿದವನು ಮುನಿಯಲ್ಲಪ್ಪ. ಬೈಸಿಕೊಂಡವಳು ಆದಿಲಕ್ಷ್ಮಿ." ಕೆಳಗೆ ತಾರೀಕು.

ಆಕೆ ಎರಡು ಸಲ ಓದಿದರು. ಚೀಟಿ ಮಡಿಸಿ ಡಬ್ಬದೊಳಗಿಟ್ಟು ಮುಚ್ಚಳ ಒತ್ತಿದರು.

"ಇನ್ನೊಂದು ಮುದ್ದೆ ಹಾಕ್ಲಾ?"