ಅಣ್ಣನಿಗೆಂದು ಒಯ್ದ ಚಕ್ಕೋತ

ಮತ್ಸ್ಯಗಂಧ ರೈಲು ಉಡುಪಿ ಬಿಟ್ಟಾಗ ನನ್ನ ಸೀಟಿನ ಕೆಳಗೆ ಒಂದು ಗೋಣಿಚೀಲ ತುಂಬ ಚಕ್ಕೋತ ಹಣ್ಣುಗಳಿದ್ದವು. ಒಂದಕ್ಕೊಂದು ತಾಗಿ ಜಜ್ಜದಿರಲಿ ಎಂದು ನಡುನಡುವೆ ಹಳೆ ಸೀರೆಯ ತುಂಡು ತುರುಕಿದ್ದೆ. ಎದುರು ಸೀಟಿನ ಹೆಂಗಸು ಚೀಲವನ್ನು ನೋಡಿ, "ತೆಂಗಿನಕಾಯಿಯಾ?" ಎಂದು ಕೇಳಿದರು. "ಅಲ್ಲ, ಚಕ್ಕೋತ. ಡೊಂಬಿವಲಿಯಲ್ಲಿ ಅಣ್ಣ ಇದ್ದಾನೆ" ಎಂದೆ. ನಮ್ಮ ಕಡೆಯವರಿಗೆ ಅಷ್ಟು ಹೇಳಿದರೆ ಸಾಕು. ಮುಂಬಯಿ ಕಡೆಗೆ ಹೊರಟವರು ಬರಿಗೈಯಲ್ಲಿ ಹೋಗುವುದುಂಟೇ?

ಈ ಹಣ್ಣಿನ ಮರವನ್ನು ನೆಟ್ಟವನೇ ಆ ಅಣ್ಣ, ನಮ್ಮ ಸದಣ್ಣ. ಹೋಟೆಲಿನ ಕೆಲಸಕ್ಕೆಂದು ಮುಂಬಯಿ ಪಕ್ಕದ ಠಾಣೆಗೆ ಹೊರಡುವ ಮುಂಚೆ ನಮ್ಮ ಬಾವಿಕಟ್ಟೆಯ ಪಕ್ಕ ಊರಿ ಹೋಗಿದ್ದ. ಈಗ ಅವನಿಗೆ ಠಾಣೆಯ ನೌಪಾಡಾದಲ್ಲಿ ಸ್ವಂತ ಹೋಟೆಲು ಉಂಟು, ಡೊಂಬಿವಲಿಯಲ್ಲಿ ಮನೆ ಉಂಟು, ಹಿಂದಿನ ವರ್ಷದಿಂದ ಎದೆಯೊಳಗೆ ಒಂದು ಸ್ಟೆಂಟ್ ಕೂಡ ಉಂಟು. ಆಪರೇಷನ್ ಆದ ಮೇಲೆ ಊರಿಗೆ ಬರಲೇ ಇಲ್ಲ. ಫೋನಿನಲ್ಲಿ ನನ್ನ ಕ್ಷೇಮ ಕೇಳುವ ಮೊದಲು "ಮರ ಕಾಯಿ ಬಿಟ್ಟಿದೆಯಾ?" ಎಂದು ಕೇಳುತ್ತಿದ್ದ. ಹುಳಿ ಹಣ್ಣು ಹೃದಯಕ್ಕೆ ಒಳ್ಳೆಯದು ಎಂಬ ಮೆಸೇಜು ವಾಟ್ಸಾಪಿನಲ್ಲಿ ನನಗೂ ಬಂದಿತ್ತು. ಸರಿ, ಅಣ್ಣನಿಗೆ ಔಷಧಿಯನ್ನೇ ಒಯ್ಯುತ್ತಿದ್ದೇನೆ ಎಂಬ ಹೆಮ್ಮೆಯಲ್ಲಿ ನಾನು ರತ್ನಾಗಿರಿವರೆಗೂ ನಿದ್ದೆ ಮಾಡಲಿಲ್ಲ.

ಬೆಳಿಗ್ಗೆ ಠಾಣೆಯಲ್ಲಿ ಇಳಿದಾಗ ಡಿಸೆಂಬರಿನ ತೆಳು ಚಳಿ. ಪ್ಲಾಟ್‌ಫಾರ್ಮಿನಲ್ಲಿ ಅಣ್ಣ ನಿಂತಿದ್ದ. ತುಂಬ ಇಳಿದುಹೋಗಿದ್ದ, ಅಂಗಿಯ ಕಾಲರು ಕುತ್ತಿಗೆಯ ಸುತ್ತ ಸಡಿಲವಾಗಿತ್ತು. ನನ್ನ ಮುಖ ನೋಡುವ ಮೊದಲು ಚೀಲಕ್ಕೆ ಕೈ ಹಾಕಿ ಒಂದು ಹಣ್ಣನ್ನು ಹೊರಗೆಳೆದು ಮೂಸಿದ. "ನಾನು ಬಂದದ್ದು ಕಾಣಿಸ್ತಾ ಇಲ್ವಾ ಮಾರಾಯಾ?" ಎಂದರೆ, "ನಿನ್ನನ್ನು ಮತ್ತೆ ನೋಡ್ತೇನೆ" ಎಂದ! ಡೊಂಬಿವಲಿಗೆ ಹೋಗುವ ಸ್ಲೋ ಲೋಕಲ್‌ನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಬೆಳಗ್ಗಿನ ಗರ್ದಿಯೆಲ್ಲ ಮುಂಬಯಿ ಕಡೆಗೆ, ನಮ್ಮದು ಉಲ್ಟಾ ದಿಕ್ಕು. ಮುಂಬ್ರಾ ದಾಟುವಾಗ ಬಲಕ್ಕೆ ಗುಡ್ಡ, ಎಡಕ್ಕೆ ಖಾಡಿ, ಸಮುದ್ರದ ಹಿನ್ನೀರು. ಅಣ್ಣ ಒಂದನ್ನೂ ನೋಡಲಿಲ್ಲ, ಹಣ್ಣನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದ.

ಮನೆಯಲ್ಲಿ ಚೀಲ ಕಂಡದ್ದೇ ವನಜತ್ತಿಗೆ ಹಣೆಗೆ ಕೈ ಹಚ್ಚಿದರು. "ಅಯ್ಯೋ ಸುಮತೀ, ಒಂದು ಮಾತು ಕೇಳಬಾರದಿತ್ತಾ? ಇವರಿಗೆ ಚಕ್ಕೋತ ಆಗುವುದಿಲ್ಲ." ನಾನು ನಕ್ಕೆ. ಹಣ್ಣು ಆಗುವುದಿಲ್ಲ ಎಂದರೆ ಎಂತದು? ಆಗ ಒಳಗಿನಿಂದ ಅಕ್ಷತಾ ಬಂದಳು. ಅಣ್ಣನ ಒಬ್ಬಳೇ ಮಗಳು, ರಬಾಳೆಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಮಿಸ್ಟು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆರೆದರೆ ಮಾತ್ರ ಮೂರು ಭಾಷೆ ಒಟ್ಟಿಗೆ ಬರುತ್ತವೆ.

"ಅತ್ತೆ, ಪಪ್ಪಾ ತಗೊಳ್ಳೋ ಕೊಲೆಸ್ಟರಾಲ್ ಗೋಲಿ ಉಂಟಲ್ಲ, ಅದನ್ನು ಕರಗಿಸಲಿಕ್ಕೆ ಹೊಟ್ಟೆಯಲ್ಲಿ ಒಂದು ವ್ಯವಸ್ಥಾ ಉಂಟು. ಚಕ್ಕೋತದಲ್ಲಿರೋ ಒಂದು ಅಂಶ ಅದನ್ನೇ ಬಂದ್ ಮಾಡ್ತದೆ. ಫಿರ್ ಗೋಲಿ ರಕ್ತದಲ್ಲಿ ಜಮಾ ಆಗ್ತಾ ಹೋಗ್ತದೆ. ಮೈಕೈ ಸ್ನಾಯು ಹಾಳಾಗ್ತದೆ, ಕಿಡ್ನಿಗೂ ಪೆಟ್ಟು ಬೀಳಬಹುದು. ಕಿತ್ತಳೆ ಚಲೇಗಾ, ಮೋಸಂಬಿ ಚಲೇಗಾ. ಇದು ಮಾತ್ರ ಬೇಡ."

ನನ್ನ ಜೀವ ಝಲ್ಲೆಂದಿತು. ಔಷಧಿ ಎಂದು ಹೊತ್ತು ತಂದದ್ದು ಅವನಿಗೆ ವಿಷವಾಗಬಹುದಿತ್ತಲ್ಲ! ಆದರೆ ಅಣ್ಣ ಸ್ವಲ್ಪವೂ ಬೇಸರಪಡಲಿಲ್ಲ. ಹಣ್ಣುಗಳನ್ನು ಶೋಕೇಸಿನ ಮೇಲೆ ಸಾಲಾಗಿ ಜೋಡಿಸಿ, "ಇರಲಿ ಬಿಡಿ, ಹಣ್ಣಾಗಲಿಕ್ಕೆ ಇನ್ನೂ ಟೈಮುಂಟು" ಎಂದ. ಅವನ ಈ ಸಮಾಧಾನ ನನಗೆ ಸರಿ ಕಾಣಲಿಲ್ಲ. ಚಿಕ್ಕಂದಿನಲ್ಲಿ ಬೆಲ್ಲದ ಡಬ್ಬಿ ಖಾಲಿ ಮಾಡಿದ ದಿನವೂ ಹೀಗೇ ತಣ್ಣಗೆ ಇರುತ್ತಿದ್ದ.

ಮರುದಿನ ಅಕ್ಷತಾ ನಮ್ಮಿಬ್ಬರನ್ನೂ ತನ್ನ ಕಾರ್ಖಾನೆಗೆ ಕರೆದುಕೊಂಡು ಹೋದಳು. ಠಾಣೆಗೆ ಬಂದು ನವಿಮುಂಬಯಿಯ ಲೋಕಲ್ ಹತ್ತಿದರೆ ಐರೋಳಿ, ಅದರ ಮುಂದಿನದೇ ರಬಾಳೆ. ಸ್ಟೇಷನ್ನಿನ ಹೊರಗೆ ಇಬ್ಬರಿಗೂ ವಡಾಪಾವ್ ಬೇಕೆನಿಸಿತು, ಅಕ್ಷತಾ ಅಪ್ಪನಿಗೆ ಕೊಡಿಸಲಿಲ್ಲ. ರಿಕ್ಷಾ ಕಾರ್ಖಾನೆಗಳ ನಡುವೆ ತಿರುಗುತ್ತಾ ಹೋದಂತೆ ಡೀಸೆಲ್ಲು, ರಬ್ಬರು, ಬಣ್ಣ ಎಲ್ಲದರ ವಾಸನೆ. ಕೊನೆಯ ತಿರುವಿನಲ್ಲಿ ಇದ್ದಕ್ಕಿದ್ದಂತೆ ಕಿತ್ತಳೆಯ ಪರಿಮಳ ಬಂತು.

ಒಳಗೆ ಹೋದೆ, ಬಾಯಿ ತೆರೆದದ್ದು ಮುಚ್ಚಲಿಲ್ಲ. ನೆಲದಿಂದ ಮಾಡಿನವರೆಗೆ ಒಣಗಿದ ಕಿತ್ತಳೆ ಸಿಪ್ಪೆಯ ರಾಶಿ! ಜ್ಯೂಸಿನವರು ಬಿಸಾಡಿದ್ದು, ನಾವು ನೀವು ತಿಂದು ಎಸೆಯುವಂಥದ್ದೇ. ರಾಶಿಯ ಬುಡದಲ್ಲಿ ಕೊಳೆತ ಸಿಪ್ಪೆ ಆರಿಸುತ್ತಿದ್ದ ಹೆಂಗಸು ನಮ್ಮ ಕನ್ನಡ ಕೇಳಿ ತಲೆ ಎತ್ತಿದಳು. ಕಲಬುರಗಿ ಕಡೆಯ ಬಸಮ್ಮ. "ಬರ್ರಿ ಅಕ್ಕಾರ, ಯಾವೂರು ನಿಮ್ದು?" ಎಂದು ಮಾತಾಡಿಸಿದಳು. ದಿನವಿಡೀ ಈ ವಾಸನೆಯಲ್ಲಿ ತಲೆನೋಯುವುದಿಲ್ಲವೇ ಎಂದು ಕೇಳಿದೆ. "ರೂಢಿ ಆಗೇದರಿ. ಎಷ್ಟ್ ಸಾಬಾಣ ಹಚ್ಚಿದ್ರೂ ಕೈ ವಾಸನಿ ಹೋಗಂಗಿಲ್ಲ. ನನ್ನ ಮಗಳು ನನ್ನ ಕೈ ಮೂಸ್ಕೊಂತನೇ ಮಲಗ್ತಾಳ್ರಿ" ಎಂದು ನಕ್ಕಳು. ಅಣ್ಣ ಅವಳ ಕೈಯನ್ನೇ ನೋಡುತ್ತಾ ನಿಂತುಬಿಟ್ಟ.

ಲ್ಯಾಬಿನಲ್ಲಿ ಅಕ್ಷತಾ ಒಂದು ಗಾಜಿನ ಪಾತ್ರೆ ತಂದಿಟ್ಟಳು. ಸಿಪ್ಪೆಯನ್ನು ಸುಣ್ಣದ ನೀರಿನಲ್ಲಿ ನೆನೆಸಿ ಸೋಸಿದ ಹಳದಿ ನೀರು, ಚಹಾದ ಹಾಗೆ ತಿಳಿಯಾಗಿತ್ತು. ಅದಕ್ಕೆ ಹನಿಹನಿಯಾಗಿ ಆಸಿಡ್ ಬಿಟ್ಟು ಬಿಸಿ ಮಾಡಿ ಇಟ್ಟಳು. ನಾವು ಅಲ್ಲಿಯ ಕ್ಯಾಂಟೀನಿನಲ್ಲಿ ಅವಲಕ್ಕಿಯ ಪೋಹೆ ತಿಂದು ಬರುವಷ್ಟರಲ್ಲಿ ನೀರೊಳಗೆ ಬೆಳ್ಳಗೆ ಏನೋ ಹುಟ್ಟಿತ್ತು. ಹಾಲು ಒಡೆದ ಹಾಗೆ ಸಣ್ಣ ಸಣ್ಣ ಕಣಗಳು, ಮೆಲ್ಲಗೆ ತಳಕ್ಕೆ ಇಳಿಯುತ್ತಿದ್ದವು. ಎಲ್ಲಿತ್ತು ಇದು? ಆ ತಿಳಿನೀರಿನೊಳಗೆ ಎಲ್ಲಿ ಅಡಗಿ ಕೂತಿತ್ತು? ನನ್ನ ಮೈ ಜುಮ್ಮೆಂದಿತು, ಕೈಮುಗಿಯಬೇಕು ಅನಿಸಿತು.

"ಇದೇ ಹೆಸ್ಪೆರಿಡಿನ್" ಎಂದಳು ಅಕ್ಷತಾ. "ಫ್ಲೇವನಾಯ್ಡ್ ಅಂತ ಒಂದು ಜಾತಿ. ಸಿಪ್ಪೆಯ ಒಳಗಿನ ಬಿಳಿ ಪದರದಲ್ಲಿ ಜಾಸ್ತಿ. ಚಕ್ಕೋತದ ಕಹಿ ಉಂಟಲ್ಲ, ಅದು ಇದರ ತಂಗಿ, ನಾರಿಂಜಿನ್. ರಕ್ತನಾಳವನ್ನು ಮೆತ್ತಗೆ ಇಡ್ತದೆ, ಸಕ್ಕರೆ, ಕೊಬ್ಬಿಗೂ ಸ್ವಲ್ಪ ಉಪಕಾರ ಆಗಬಹುದು ಅಂತ ಪರೀಕ್ಷೆ ಮಾಡ್ತಾ ಇದ್ದಾರೆ."

ನಮ್ಮಮ್ಮ ಕಿತ್ತಳೆ ಸಿಪ್ಪೆಯ ಗೊಜ್ಜು ಮಾಡುತ್ತಿದ್ದದ್ದು ನೆನಪಾಯಿತು. ಹಣ್ಣು ಮಕ್ಕಳಿಗೆ, ಸಿಪ್ಪೆ ಹುಣಿಸೆಹುಳಿ ಬೆಲ್ಲದ ಜೊತೆ ಗೊಜ್ಜಿಗೆ. ಅಮ್ಮನಿಗೆ ಈ ಹೆಸರುಗಳೊಂದೂ ಗೊತ್ತಿರಲಿಲ್ಲ, ಎಸೆಯಲಿಕ್ಕೆ ಮನಸ್ಸು ಬರುತ್ತಿರಲಿಲ್ಲ ಅಷ್ಟೇ.

ಅಷ್ಟರಲ್ಲಿ ಅಣ್ಣ ಗೆದ್ದವನ ಹಾಗೆ ಮೇಜು ತಟ್ಟಿದ. "ನೋಡಿದೆಯಾ ಸುಮ್ತೀ! ದೇವರೇ ಹಣ್ಣಿನಲ್ಲಿ ಮದ್ದು ಇಟ್ಟಿದ್ದಾನೆ. ಮತ್ತೆ ಆ ಮಾತ್ರೆ ಯಾಕೆ? ನೀನು ಹಣ್ಣು ತರ್ತೇನೆ ಅಂತ ಫೋನ್ ಮಾಡಿದ ದಿನವೇ ನಾನು ಮಾತ್ರೆ ಬಿಟ್ಟಾಯ್ತು. ಎರಡೂ ಒಟ್ಟಿಗೆ ಆಗುವುದಿಲ್ಲ ಅಲ್ವಾ? ಹಾಗಾದ್ರೆ ಒಂದೇ ಸಾಕು."

ದಿನಾ ಅತ್ತಿಗೆ ಊಟದ ಬಟ್ಟಲ ಪಕ್ಕ ಇಡುವ ಮಾತ್ರೆಯನ್ನು ಅವನು ಅಂಗಿಯ ಜೇಬಿಗೆ ಇಳಿಸುತ್ತಿದ್ದನಂತೆ. ಅಕ್ಷತಾಳ ಮುಖ ಬಿಳಿಚಿತು. ಬೈಯಲಿಲ್ಲ. ಅಪ್ಪನ ಕೈ ಹಿಡಿದು ಮತ್ತೆ ಆ ಸಿಪ್ಪೆಯ ರಾಶಿಯ ಮುಂದೆ ತಂದು ನಿಲ್ಲಿಸಿದಳು. ಮೂಲೆಯಲ್ಲಿ ಒಂದು ಸಣ್ಣ ಡ್ರಮ್ಮು ಇತ್ತು, ಬಿಳಿ ಪುಡಿ ತುಂಬಿದ್ದು.

"ಇಷ್ಟು ದೊಡ್ಡ ರಾಶಿಯಿಂದ ಪಪ್ಪಾ, ಇಷ್ಟೇ ಬರೋದು. ಇದು ಮಾತ್ರೆಯ ಕೆಲಸ ಮಾಡ್ತದೆ ಅಂತ ಇನ್ನೂ ಯಾರೂ ಹೇಳಿಲ್ಲ. ನಾನು ದಿನಾ ಇದನ್ನೇ ತೆಗೀತೇನೆ, ಆದರೂ ನಿಮಗೆ ಮಾತ್ರೆಯೇ ಕೊಡ್ತೇನೆ. ಯಾಕೆ ಅಂತ ಸೋಚೋ." ಡ್ರಮ್ಮಿನ ಮುಚ್ಚಳ ಹಾಕಿದಳು. "ಆಪ್ಕೋ ಕುಛ್ ಹೋ ಗಯಾ ತೋ, ನಿಮಗೆ ಏನಾದ್ರೂ ಆದ್ರೆ, ನಾನು ಈ ವಾಸನೆಯಲ್ಲಿ ಹೇಗೆ ಕೆಲಸ ಮಾಡಲಿ?"

ಅಣ್ಣ ರಾಶಿಯನ್ನು ಒಮ್ಮೆ, ಡ್ರಮ್ಮನ್ನು ಒಮ್ಮೆ ನೋಡಿದ. ಅಕ್ಷತಾ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಹಚ್ಚಿದಳು. ಇವತ್ತಿನಿಂದಲೇ ಮೊದಲಿನ ಹಾಗೆ ಶುರು ಮಾಡಿ, ನಾಳೆ ಬಂದು ತೋರಿಸಿ ಎಂದರು ಅವರು. ಅಣ್ಣ ಜೇಬಿನಿಂದ ಹಿಂದಿನ ರಾತ್ರಿಯ ಮಾತ್ರೆ ತೆಗೆದು ಮಗಳ ಅಂಗೈಯಲ್ಲಿಟ್ಟ, ಕಳ್ಳತನ ಮಾಡಿ ಸಿಕ್ಕಿಬಿದ್ದವನ ಹಾಗೆ.

ಮರುದಿನ ಡಾಕ್ಟರು ಅವನ ಬಿಪಿ, ಇಸಿಜಿ ನೋಡಿ, ಬೈದು, ಕಳಿಸಿದರು. ಅಲ್ಲಿಂದ ಅವನು ನೇರ ಹೋಟೆಲಿಗೆ ಬಂದ. ಮಧ್ಯಾಹ್ನದ ಗಿರಾಕಿಗಳು ಇಳಿದ ಮೇಲೆ ಒಂದು ಟೇಬಲ್ಲಿನ ಮೇಲೆ ಪೇಪರು ಹಾಸಿ, ಅತ್ತಿಗೆಯ ಕೈಲಿ ಮನೆಯಿಂದ ತರಿಸಿದ ಚಕ್ಕೋತಗಳನ್ನು ಇಟ್ಟ. ಬೇರೆ ಯಾರಿಗೂ ಕತ್ತಿ ಕೊಡಲಿಲ್ಲ. ದಪ್ಪ ಸಿಪ್ಪೆ ಸೀಳಿ, ಬಿಳಿ ಬಿಡಿಸಿ, ತೊಳೆಗಳನ್ನು ಒಂದೂ ಒಡೆಯದ ಹಾಗೆ ತೆಗೆದ. ಉಪ್ಪು, ಗಾಂಧಾರಿ ಮೆಣಸು, ಚೂರು ಬೆಲ್ಲ, ಮೇಲೊಂದು ಹನಿ ತೆಂಗಿನೆಣ್ಣೆ. ಅಡುಗೆಯವರಿಗೆ, ಕ್ಯಾಶಿನವರಿಗೆ, ಪಕ್ಕದ ಅಂಗಡಿಯ ಮರಾಠಿ ಕಾಕಾನಿಗೆ, ಅತ್ತಿಗೆಗೆ, ಮಗಳಿಗೆ, ನನಗೆ ಎಲೆಯಲ್ಲಿ ಹಂಚಿದ. ಪ್ರತಿಯೊಬ್ಬರ ಎದುರೂ ನಿಂತು "ಹೇಗುಂಟು?" ಎಂದು ಕೇಳಿದ. ಕಾಕಾ ಕಣ್ಣುಮುಚ್ಚಿ, "ವಾ ಶೇಠ್, ಏಕ್ ನಂಬರ್!" ಎಂದಾಗ ತಾನೇ ತಿಂದಷ್ಟು ಖುಷಿಪಟ್ಟ. ನಾನು ಮಾತ್ರ ಎಲೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ. "ತಿನ್ನು ಮಾರಾಯ್ತಿ, ನನ್ನ ಮರದ್ದು" ಎಂದು ಗದರಿದ. ತಿಂದೆ. ಸಿಹಿ, ಹುಳಿ, ಖಾರ, ಕೊನೆಗೆ ಆ ಕಹಿ.

ಹೊರಡುವ ದಿನ, ಮನೆಯಲ್ಲಿ ಉಳಿದಿದ್ದ ಕೊನೆಯ ಚಕ್ಕೋತವನ್ನೂ ನಮಗೆ ಸುಲಿದು ಕೊಟ್ಟು, ಠಾಣೆ ಸ್ಟೇಷನ್ನಿಗೆ ಅವನೇ ಬಂದ. ಅತ್ತಿಗೆ ಕಟ್ಟಿದ ಡಬ್ಬಿಯಲ್ಲಿ ಚಪಾತಿ, ಜೊತೆಗೆ ಕಿತ್ತಳೆ ಸಿಪ್ಪೆಯ ಗೊಜ್ಜು ಇತ್ತು. ಅವನೂ ಅದನ್ನೇ ಉಂಡು ಬಂದಿದ್ದ. ರೈಲು ಬಂದು ನಾನು ಹತ್ತಿ ಕೂತಾಗ ಕಿಟಕಿಯ ಸರಳಿನ ನಡುವೆ ಕೈ ತೂರಿಸಿ ನನ್ನ ಅಂಗೈ ಹಿಡಿದ. "ಮಾತ್ರೆ?" ಎಂದು ಕೇಳಿದೆ. ಬಾಯಿ ತೆರೆದು ನಾಲಿಗೆ ತೋರಿಸಿದ, ಚಿಕ್ಕಂದಿನಲ್ಲಿ ಅಮ್ಮನಿಗೆ ಕಷಾಯ ಕುಡಿದದ್ದು ತೋರಿಸುತ್ತಿದ್ದ ಹಾಗೆಯೇ. ನಗು ಬಂತು, ಅಳುವೂ ಬಂತು.

"ಮುಂದಿನ ವರ್ಷ ಹಣ್ಣು ತರಬೇಡ" ಎಂದ. ಸ್ವಲ್ಪ ತಡೆದು, "ಅಲ್ಲ, ತಾ. ಸುಲಿಯುವುದು ನಾನೇ" ಎಂದ. ರೈಲು ಮೆಲ್ಲಗೆ ಹೊರಟಿತು. ಅವನ ಕೈ ನನ್ನ ಕೈಯಿಂದ ಜಾರಿ ಹಿಂದೆ ಉಳಿಯಿತು. ಖಾಡಿ ದಾಟಿದ ಮೇಲೆ ಕಣ್ಣೊರೆಸಿಕೊಳ್ಳಲು ಅಂಗೈ ಎತ್ತಿದೆ. ಅದರಲ್ಲಿ ಚಕ್ಕೋತದ ಪರಿಮಳವಿತ್ತು.