ಸಡಿಲ ಮುಚ್ಚಳದ ಅಕ್ಕ

ಚಳಿ ಹಿಂದೆ ಸರಿದು ಬಿಸಿಲು ಬಲಿಯುತ್ತಿರುವ ದಿನಗಳು. ಬೆಳಗಿನ ಆರೂವರೆಗೇ ಪ್ರಯೋಗಾಲಯದಲ್ಲಿ ಕೆಲಸ ಶುರುವಾಗಿದೆ. ಮುಖಕ್ಕೆ ಕವಚ, ಕೈಗೆ ದಪ್ಪ ಗವಸು ತೊಟ್ಟ ನಡುವಯಸ್ಸಿನ ಹೆಂಗಸು ಗಾಳಿ ಹೀರುವ ಗಾಜಿನ ಕಪಾಟಿನ ಮುಂದೆ ನಿಂತಿದ್ದಾರೆ. ಒಳಗೆ ಬಳಸಿ ಬಿಟ್ಟ ಆಸಿಡ್ ತುಂಬಿದ ಬಾಟಲಿಗಳು. ಒಂದೊಂದರ ಮುಚ್ಚಳವನ್ನೂ ಎರಡು ಬೆರಳಲ್ಲಿ ಹಿಡಿದು ಅಲುಗಿಸುತ್ತಾರೆ. ಅಲುಗಿದರೆ ಮುಂದಿನದು. ಬಿಗಿಯಾಗಿದ್ದರೆ ಕಾಲು ಸುತ್ತು ಸಡಿಲಿಸುತ್ತಾರೆ.

ಹದಿನಾಲ್ಕು ಕೋಣೆ, ಅರವತ್ತೆರಡು ಬಾಟಲಿ. ವಾರಕ್ಕೊಮ್ಮೆ, ಕಣ್ಣು ತೊಳೆಯುವ ನಲ್ಲಿಗಳನ್ನೆಲ್ಲ ತುಕ್ಕುನೀರು ಹೋಗಿ ತಿಳಿನೀರು ಬರುವ ತನಕ ಬಿಡಬೇಕು. ಇಲ್ಲಿನ ಸುರಕ್ಷತೆಯ ಹೊಣೆ ಇವರದು.

"ಅಕ್ಕ, ನಿಮ್ಮನೆ ಸಕ್ಕರೆ ಡಬ್ಬಾನೂ ಹೀಗೇನಾ?" ಎಂದು ಸಂಶೋಧಕನೊಬ್ಬ ಕೆಣಕುತ್ತಾನೆ.

"ನಮ್ಮನೆ ಇರುವೆಗಳನ್ನ ಕೇಳಪ್ಪ," ಎನ್ನುತ್ತಾರೆ, ತಲೆ ಎತ್ತದೆ.

ಹತ್ತೊಂಬತ್ತು ವರ್ಷದ ಹಿಂದೆ ಇವರು ಇಲ್ಲಿಗೆ ಗಾಜು ತೊಳೆಯಲು ಬಂದವರು. ಕೆಲಸ ಕೊಡಿಸಿದ್ದು ಇವರ ಸ್ವಂತ ಅಕ್ಕನ ಗಂಡ; ಆಗ ಅವರು ಇದೇ ಪ್ರಯೋಗಾಲಯದ ಸಹಾಯಕರು. ಬಂದ ಎರಡನೇ ತಿಂಗಳು ಇವರು ಕಪಾಟು ಒರೆಸಿ, ಬಾಟಲಿಗಳನ್ನು ಸಾಲಾಗಿ ಜೋಡಿಸಿ, ಮುಚ್ಚಳಗಳನ್ನು ಬಿಗಿದರು.

"ಮನೇಲಿ ಎಣ್ಣೆ ಬಾಟ್ಲಿ ಮುಚ್ತೀವಲ್ಲ, ಹಾಗೆ. ಒಪ್ಪವಾಗಿ ಕಾಣ್ಲಿ ಅಂತ. ಆಸಿಡ್ಡು ಒಳಗೇ ಕುದೀತಾ ಇರುತ್ತೆ, ಅದರ ಗಾಳಿ ಹೊರಗೆ ಹೋಗ್ಬೇಕು ಅಂತ ನಂಗೆಲ್ಲಿ ಗೊತ್ತು?"

ಮಾರನೆಯ ದಿನ ಭಾವ ಕಪಾಟು ತೆರೆದಾಗ ಬಾಟಲಿ ಸಿಡಿದು ಆಸಿಡ್ ಮುಖಕ್ಕೆ ಎರಚಿತು. ಕಣ್ಣು ತೊಳೆಯುವ ನಲ್ಲಿ ತಿರುಗಿಸಿದರೆ ಬಂದದ್ದು ಕೆಂಪು ತುಕ್ಕುನೀರು. ಅವರ ಎಡಗಣ್ಣು ಉಳಿಯಲಿಲ್ಲ.

ವಿಚಾರಣೆಯಲ್ಲಿ ಭಾವ, ಮುಚ್ಚಳ ಬಿಗಿದದ್ದು ತಾನೇ ಎಂದರು. ನಾದಿನಿಯ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಭಾವನ ಕಡತದಲ್ಲಿ 'ಅಜಾಗರೂಕತೆ' ಎಂದು ಬಿತ್ತು. ಎರಡು ಸಲ ಬಡ್ತಿ ತಪ್ಪಿತು. ಈಗ ಕೆಳಗಿನ ಉಗ್ರಾಣದಲ್ಲಿದ್ದಾರೆ. ಈ ತಿಂಗಳ ಕೊನೆಗೆ ನಿವೃತ್ತಿ.

ಆ ಮಾತೆತ್ತಿದರೆ ಅವರು ಕೈ ಬೀಸಿ ತಳ್ಳಿಹಾಕುತ್ತಾರೆ. "ಹಳೇ ಕಥೆ ಬಿಡಮ್ಮ. ಇನ್ನೊಂದು ಕಣ್ಣು ಇದೆಯಲ್ಲ, ನಿಮ್ಮಕ್ಕನ್ನ ನೋಡೋಕೆ ಅಷ್ಟೇ ಸಾಕು."

ನಾದಿನಿ ನಗುವುದಿಲ್ಲ. ತಪ್ಪು ತನ್ನದೆಂದು ಬರೆದ ಪತ್ರವನ್ನು ನಿನ್ನೆ ಮುಖ್ಯಸ್ಥರ ಕೈಗೆ ಕೊಟ್ಟು ಬಂದಿದ್ದಾರೆ. ಸುರಕ್ಷತೆಯ ಹೊಣೆ ಹೊತ್ತವರ ಮೇಲೆ ಇಂಥ ಮಾತು ಬಂದರೆ ಕೆಲಸ ಉಳಿಯುವುದು ಕಷ್ಟ. ಮಗಳ ಓದು ಇನ್ನೂ ಎರಡು ವರ್ಷ ಇದೆ.

"ಭಾವ ನಿನ್ನೆ ರಾತ್ರಿ ಊಟ ಬಿಟ್ಟು ಕೂತ್ರು, ಪತ್ರ ವಾಪಸ್ ತಗೋ ಅಂತ. ಅಕ್ಕಾನೇ ತಟ್ಟೆ ಮುಂದಕ್ಕೆ ತಳ್ಳಿ, ಉಣ್ಣಿ, ಅವಳು ಹೇಳೋದನ್ನ ಹೇಳ್ಲಿ ಅಂದ್ಲು."

ಗವಸು ಕಳಚಿ ಬೆರಳು ಮಡಚಿ ಬಿಡಿಸುತ್ತಾರೆ.

"ಕಣ್ಣಂತೂ ವಾಪಸ್ ಕೊಡೋಕಾಗಲ್ಲ. ಆ ಒಂದು ಪದ ಅವರ ಹೆಸರಿನ ಮುಂದಿಂದ ತೆಗೆದು ನನ್ನ ಹೆಸರಿನ ಮುಂದೆ ಬರೀಲಿ. ಅವರು ಗೇಟು ದಾಟೋದ್ರೊಳಗೆ ಬರೀಲಿ."